ಎಂಟು ನಿಮಿಷ ಮೊದಲೇ ಬಂದ ಗ್ರಹ

ಗಡಹಿಂಗ್ಲಜದ ನಮ್ಮ ಅಬಚಿ ಸಮುದ್ರ ನೋಡಿದ್ದು ಆಯುಷ್ಯದಲ್ಲಿ ಎರಡೇ ಸಲ. ಮೊದಲ ಸಲ ಆಜರಾ ದಾಟಿ, ಆಂಬೋಲಿ ಘಾಟು ಇಳಿದು ವೆಂಗುರ್ಲೆಗೆ ಹೋದಾಗ, ದಂಡೆಯ ಮೇಲೆ ಹೊಸ ಕೊಲ್ಲಾಪುರಿ ಚಪ್ಪಲಿ ಬಿಟ್ಟು ನೀರಿಗಿಳಿದಳಂತೆ. ಕಿರ್ರಕಿರ್ರ ಸದ್ದು ಮಾಡುವ ಚಪ್ಪಲಿ. ಅರ್ಧ ತಾಸು ಬಿಟ್ಟು ತಿರುಗಿ ಬಂದರೆ ಚಪ್ಪಲಿ ಇಟ್ಟ ಜಾಗವೇ ಇಲ್ಲ. ಅಲ್ಲೇ ಬಲೆ ಹೊಲಿಯುತ್ತ ಕೂತಿದ್ದವನೊಬ್ಬ ತಲೆ ಎತ್ತದೆ ‘ಭರತಿ ಆಲಿ’, ಅಂದರೆ ಉಬ್ಬರ ಬಂತು, ಅಂದನಂತೆ. ಅಂದಿನಿಂದ ಅಬಚಿಯ ಲೆಕ್ಕದಲ್ಲಿ ಭರತಿ ಅಂದರೆ ಚಪ್ಪಲಿ ಕದಿಯುವ ನೀರು.

ಕಳೆದ ಚಳಿಗಾಲದಲ್ಲಿ ಅವಳ ಮನೆಯ ಮಾಳಿಗೆಯ ಮೇಲೆ ಕೂತು ನಾನು ಆಕಾಶದ ಕಥೆ ತೆಗೆದೆ. ಮೇಲೆ ಒಂದು ಚಿಕ್ಕಿ ಇದೆ, ಅದರ ಮೈಮೇಲೆ ಭರತಿ ಏಳುತ್ತದೆ, ಆ ಭರತಿ ಒಂದು ದೊಡ್ಡ ಗ್ರಹವನ್ನು ಎಳೆದು ನುಂಗುತ್ತಿದೆ ಎಂದೆ. ಅಬಚಿ ಶೇಂಗಾ ಸುಲಿಯುವುದನ್ನು ನಿಲ್ಲಿಸಿದಳು. “ಅಲ್ಲೋ ತಮ್ಮಾ, ಭರತಿ ನೀರಿಗೆ ಬರತೈತಿ. ಚಿಕ್ಕಿಗೆ ಹೆಂಗ ಬರತೈತಿ? ಅಲ್ಲೇನ ನೀರ ಐತೇನ?”

ನೀರಿಲ್ಲ. ಆದರೂ ಪ್ರಶ್ನೆ ಬಲು ಒಳ್ಳೆಯದು. ಅದಕ್ಕೆ ಅಲ್ಲಿ ನಾನು ಕೊಟ್ಟ ಉತ್ತರ ಅರ್ಧಂಬರ್ಧ. ಪೂರಾ ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ಆ ಚಿಕ್ಕಿಯ ಹೆಸರು ವಾಸ್ಪ್-12. ಬ್ರಹ್ಮಹೃದಯ ಹೊಳೆಯುವ ವಿಜಯಸಾರಥಿ ಪುಂಜದಲ್ಲಿ, ನಮ್ಮಿಂದ ಸುಮಾರು 1,400 ಜ್ಯೋತಿರ್ವರ್ಷ ದೂರದಲ್ಲಿದೆ, ಬರಿಗಣ್ಣಿಗೆ ಕಾಣದು. ಅದನ್ನು ಸುತ್ತುವ ಗ್ರಹ ವಾಸ್ಪ್-12ಬಿ ಪತ್ತೆಯಾದದ್ದು 2008ರಲ್ಲಿ. ತೂಕದಲ್ಲಿ ನಮ್ಮ ಗುರುಗ್ರಹದ ಒಂದೂವರೆ ಪಟ್ಟು, ಅಗಲದಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು. ಕಾದು ಉಬ್ಬಿದ ಅನಿಲದ ಗೋಳ. ನಮ್ಮ ಗುರು ಸೂರ್ಯನನ್ನು ಒಂದು ಸುತ್ತು ಹಾಕಲು ಸುಮಾರು 12 ವರ್ಷ ತೆಗೆದುಕೊಂಡರೆ ಇದಕ್ಕೆ 26 ಗಂಟೆ ಸಾಕು. ಸಂಕೇಶ್ವರದ ಸಂತೆಗೆ ಹೋಗಿ ಒಂದು ರಾತ್ರಿ ಉಳಿದು ಬರುವಷ್ಟರಲ್ಲಿ ಅದರ ಒಂದು ವರ್ಷ ಮುಗಿದಿರುತ್ತದೆ. ನಕ್ಷತ್ರದ ಮೈಯಿಂದ ಅದು ನಿಂತಿರುವ ದೂರ, ನಕ್ಷತ್ರದ ಸ್ವಂತ ಅಗಲಕ್ಕಿಂತ ಅಷ್ಟೇನೂ ಹೆಚ್ಚಲ್ಲ.

ಇಂಥ ಗ್ರಹಗಳನ್ನು ‘ಬಿಸಿ ಗುರು’ ಎನ್ನುತ್ತಾರೆ. 1995ರಲ್ಲಿ ಸ್ವಿಟ್ಜರ್ಲೆಂಡಿನ ಮಿಶೆಲ್ ಮೇಯರ್ ಮತ್ತು ಡಿಡಿಯೆ ಕೆಲೋ, ಪೆಗಾಸಸ್ ಪುಂಜದ 51ನೇ ನಕ್ಷತ್ರದ ಸುತ್ತ ನಾಲ್ಕೂಕಾಲು ದಿನಕ್ಕೊಮ್ಮೆ ಸುತ್ತುವ ದೈತ್ಯನನ್ನು ಕಂಡಾಗ ಪಂಡಿತರಿಗೆ ನಂಬಿಕೆ ಬಂದಿರಲಿಲ್ಲ. ದೊಡ್ಡ ಗ್ರಹ ಅಷ್ಟು ಹತ್ತಿರ ಇರಬಾರದಿತ್ತು. ಆ ‘ಇರಬಾರದ’ ಗ್ರಹಕ್ಕೆ 2019ರಲ್ಲಿ ನೊಬೆಲ್ ಬಂತು. ಈಗ ಇಂಥವು ನೂರಾರು. ಭಾರತದ ಪಾಲಿಗೂ ಒಂದು ಬಂದಿದೆ: 2019ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ದೇಶಕ್ಕೊಂದು ನಕ್ಷತ್ರ-ಗ್ರಹದ ಜೋಡಿಗೆ ಹೆಸರಿಡುವ ಅವಕಾಶ ಕೊಟ್ಟಾಗ ನಮ್ಮವರು ಎಚ್‌ಡಿ 86081 ಎಂಬ ನಕ್ಷತ್ರಕ್ಕೆ ‘ಬಿಭಾ’ ಎಂದೂ ಅದರ ಗ್ರಹಕ್ಕೆ ‘ಸಂತಮಸ’ ಎಂದೂ ಹೆಸರಿಟ್ಟರು. ಭೌತವಿಜ್ಞಾನಿ ಬಿಭಾ ಚೌಧುರಿಯವರ ನೆನಪು ಒಂದು ಕಡೆ, ಸಂಸ್ಕೃತದ ಕತ್ತಲೆ ಇನ್ನೊಂದು ಕಡೆ. ಸಂತಮಸ ಎರಡು ದಿನ ಮೂರು ಗಂಟೆಗೊಮ್ಮೆ ಬಿಭಾಳನ್ನು ಸುತ್ತುತ್ತದೆ. ಪಕ್ಕಾ ಬಿಸಿ ಗುರು.

ಅಬಚಿಯ ಭರತಿಗೆ ಬರೋಣ. ಚಂದ್ರ ಭೂಮಿಯನ್ನು ಎಳೆಯುವಾಗ ಎಲ್ಲ ಕಡೆಗೂ ಒಂದೇ ಸಮ ಎಳೆಯುವುದಿಲ್ಲ. ತನ್ನ ಕಡೆಗಿರುವ ಭಾಗವನ್ನು ಹೆಚ್ಚು, ಆಚೆ ಬದಿಯನ್ನು ಕಡಿಮೆ. ಈ ಹೆಚ್ಚುಕಡಿಮೆಯೇ ಉಬ್ಬರದ ಮೂಲ. ನೀರು ಬರೀ ನೆಪ. ನೀರು ಸಡಿಲ ಇರುವುದರಿಂದ ಕಣ್ಣಿಗೆ ಬೀಳುತ್ತದೆ, ಅಷ್ಟೆ. ಕಲ್ಲು ನೆಲವೂ ದಿನಕ್ಕೆರಡು ಸಲ ಏಳುತ್ತದೆ, ಇಳಿಯುತ್ತದೆ. ಕೆಲವು ದಿನ ಸುಮಾರು 30 ಸೆಂಟಿಮೀಟರಿನವರೆಗೂ. ಅಂದರೆ ಕೊಲ್ಲಾಪುರದ ರಂಕಾಳ ಕೆರೆ, ಪನ್ಹಾಳಗಡ, ಅಂಬಾಬಾಯಿಯ ಗುಡಿ, ಗಡಹಿಂಗ್ಲಜದ ಮೆಣಸಿನಕಾಯಿ ಪೇಟೆ ಎಲ್ಲವೂ ಒಟ್ಟಿಗೇ ಒಂದು ಗೇಣು ಮೇಲೆದ್ದು ಕೂರುತ್ತವೆ. ಅಕ್ಕಪಕ್ಕದ ಎಲ್ಲವೂ ಏಳುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಇದನ್ನು ಕೇಳಿ ಅಬಚಿ ತಾನು ಕೂತ ಮಾಳಿಗೆಯನ್ನು ಒಮ್ಮೆ ಅನುಮಾನದಿಂದ ತಟ್ಟಿ ನೋಡಿದಳು.

ನಕ್ಷತ್ರ ಪೂರಾ ಅನಿಲ. ಅದು ಉಬ್ಬಲು ಏನು ಅಡ್ಡಿ? ಕೂಗಳತೆಯಲ್ಲಿ ಗುರುಗ್ರಹದಂಥ ಭಾರ ಸುತ್ತುತ್ತಿದ್ದರೆ ನಕ್ಷತ್ರದ ಹೊಟ್ಟೆ ಆ ಕಡೆಗೂ, ಅದರ ಎದುರು ಬದಿಗೂ ಉಬ್ಬುತ್ತದೆ. ಕಾಗದದ ಚೂರಿನ ಮೇಲೆ ನಾನು ಹಾಕಿದ ಒರಟು ಲೆಕ್ಕದಲ್ಲಿ ವಾಸ್ಪ್-12ರ ಉಬ್ಬು ಸುಮಾರು 40 ಕಿಲೋಮೀಟರ್ ಎತ್ತರ ಬರುತ್ತದೆ. ದೂರ ಅರ್ಧವಾದರೆ ಉಬ್ಬರದ ಬಲ ಎಂಟು ಪಟ್ಟಾಗುತ್ತದೆ ಎಂಬುದು ಇಲ್ಲಿ ನೆನಪಿಡಬೇಕಾದ ಒಂದೇ ಒಂದು ಸೂತ್ರ. ದೂರ ತುಸು ತಗ್ಗಿದರೂ ಎಲ್ಲ ಬದಲಾಗುತ್ತದೆ.

ಗ್ರಹದ ಅವಸ್ಥೆ ಇನ್ನೂ ಕಠಿಣ, ಯಾಕೆಂದರೆ ಅದನ್ನು ಎಳೆಯುವುದು ಸಾವಿರ ಪಟ್ಟು ಭಾರದ ನಕ್ಷತ್ರ. ವಾಸ್ಪ್-103ಬಿ ಎಂಬ ಇನ್ನೊಂದು ಬಿಸಿ ಗುರು ಇದೆ. 22 ಗಂಟೆಗೊಂದು ಸುತ್ತು. ಯುರೋಪಿನ ಕಿಯಾಪ್ಸ್ ದೂರದರ್ಶಕ ಅದರ ನೆರಳಿನ ಆಕಾರವನ್ನೇ ಅಳೆದು, ಅದು ಗುಂಡಗಿಲ್ಲ, ರಗ್ಬಿ ಚೆಂಡಿನ ಹಾಗೆ ಉದ್ದಕ್ಕೆ ಜಗ್ಗಿದೆ ಎಂದು 2022ರಲ್ಲಿ ತೋರಿಸಿತು. ಗಡಹಿಂಗ್ಲಜ ಫುಟ್‌ಬಾಲ್ ಹುಚ್ಚಿನ ಊರು. ಕೊಲ್ಲಾಪುರವಂತೂ ತಾಲೀಮುಗಳ ಹೆಸರಿನಲ್ಲೇ ತಂಡ ಕಟ್ಟಿ ಕಾದಾಡುವ ಊರು. ಅಲ್ಲಿಯ ಹುಡುಗರಿಗೆ ರಗ್ಬಿ ಚೆಂಡು ತೋರಿಸಿದರೆ ‘ಇದು ಕೆಟ್ಟ ಚೆಂಡು’ ಅಂದಾರು.

ಉಬ್ಬುವುದು ಸರಿ, ನುಂಗುವುದು ಹೇಗೆ?

ಇದಕ್ಕೆ ಇಚಲಕರಂಜಿಗೆ ಹೋಗಬೇಕು. 1904ರಲ್ಲಿ ವಿಠ್ಠಲರಾವ್ ದಾತಾರ ಅಲ್ಲಿ ಮೊದಲ ಪವರ್‌ಲೂಮ್ ಹಾಕಿದರು. ಈಗ ಊರಿನ ಯಾವ ಗಲ್ಲಿಗೆ ಹೋದರೂ ಖಟ್‌ಖಟ್ ಸದ್ದು ಕಿವಿಗೆ ಬೀಳದೆ ಇರದು. ಬನಹಟ್ಟಿಯಿಂದ ಹೋಗಿ ಅಲ್ಲಿ ನೆಲೆಸಿದ ನಮ್ಮ ಕಾಕಾ ಒಬ್ಬರಿದ್ದರು. ಮಗ್ಗ ಸರಿಯಾಗಿ ನಡೆಯುತ್ತಿದೆಯೋ ಇಲ್ಲವೋ ಎಂದು ನೋಡಲು ಅವರು ಬಟ್ಟೆ ನೋಡುತ್ತಿರಲಿಲ್ಲ, ಬೇರಿಂಗಿನ ಮೇಲೆ ಅಂಗೈ ಇಡುತ್ತಿದ್ದರು. “ಬಿಸಿ ಆತಂದ್ರ ಕರೆಂಟ್ ತಿನ್ನಾಕತ್ತೈತಿ” ಎನ್ನುತ್ತಿದ್ದರು. ತಿರುಗುವ ಶಕ್ತಿ ಎಲ್ಲೋ ಘರ್ಷಣೆಯಲ್ಲಿ ಸೋರಿ ಶಾಖವಾಗುತ್ತಿದೆ, ಮೀಟರ್ ಮಾತ್ರ ಓಡುತ್ತಿದೆ ಎಂದರ್ಥ.

ನಕ್ಷತ್ರದ ಉಬ್ಬರವೂ ಹೀಗೇ ಬಿಸಿಯಾಗುವ ಬೇರಿಂಗು. ಉಬ್ಬಲು, ತಗ್ಗಲು, ಮತ್ತೆ ಉಬ್ಬಲು ಅನಿಲ ಒಂದರೊಳಗೊಂದು ಉಜ್ಜಬೇಕು. ಹಾಗೆ ಉಜ್ಜುವುದರಿಂದ ಉಬ್ಬು ಗ್ರಹದ ನೇರಕ್ಕೆ ನಿಲ್ಲದೆ ತುಸು ಓರೆಯಾಗುತ್ತದೆ. ಯಾವ ಕಡೆಗೆ ಓರೆ ಎಂಬುದರ ಮೇಲೆ ಗ್ರಹದ ಹಣೆಬರಹ. ಭೂಮಿ 24 ಗಂಟೆಗೊಮ್ಮೆ ತಿರುಗುತ್ತದೆ, ಚಂದ್ರ ಸುತ್ತುವುದು 27 ದಿನಕ್ಕೊಮ್ಮೆ. ಹಾಗಾಗಿ ನಮ್ಮ ಉಬ್ಬು ಚಂದ್ರನಿಗಿಂತ ಮುಂದೆ ಹೋಗುತ್ತದೆ, ಚಂದ್ರನನ್ನು ಮುಂದಕ್ಕೆ ಜಗ್ಗುತ್ತದೆ, ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಸರಿಯುತ್ತಾನೆ. ಬಿಸಿ ಗುರುಗಳ ಮನೆಯಲ್ಲಿ ಇದು ತಲೆಕೆಳಗು. ಗ್ರಹ ದಿನಕ್ಕೊಂದು ಸುತ್ತು ಹಾಕುತ್ತದೆ. ನಕ್ಷತ್ರ ನಿಧಾನವಾಗಿ ತಿರುಗುತ್ತದೆ. ನಮ್ಮ ಸೂರ್ಯನಿಗೇ ಒಮ್ಮೆ ತಿರುಗಲು ಸುಮಾರು 25 ದಿನ ಬೇಕು. ಉಬ್ಬು ಗ್ರಹದ ಹಿಂದೆ ಬೀಳುತ್ತದೆ, ಹಿಂದಿನಿಂದ ಸೆರಗು ಹಿಡಿದು ಎಳೆಯುತ್ತದೆ. ಜೀವವಿಕಾಸದ ಡಾರ್ವಿನ್‌ನ ಮಗ ಜಾರ್ಜ್ ಡಾರ್ವಿನ್ 1879ರಲ್ಲೇ ಇಂಥ ಲೆಕ್ಕ ಮಾಡಿಟ್ಟಿದ್ದ, ಚಂದ್ರನಿಗಾಗಿ. ನೂರು ಚಿಲ್ಲರೆ ವರ್ಷ ಬಿಟ್ಟು ಅದು ಹೀಗೆ ಉಪಯೋಗಕ್ಕೆ ಬಂದೀತು ಎಂದು ಅವನಿಗೆ ಕನಸೂ ಬಿದ್ದಿರಲಾರದು.

ಇಲ್ಲೊಂದು ತಮಾಷೆ ಇದೆ. ಹಿಂದಕ್ಕೆ ಎಳೆದರೆ ಗ್ರಹ ನಿಧಾನವಾಗಬೇಕಲ್ಲವೇ? ಇಲ್ಲ, ಅದರ ವೇಗ ಹೆಚ್ಚುತ್ತದೆ. ಎಳೆತಕ್ಕೆ ಸಿಕ್ಕ ಗ್ರಹ ಒಳಗಿನ ದಾರಿಗೆ ಇಳಿಯುತ್ತದೆ, ಒಳದಾರಿಯಲ್ಲಿ ನಕ್ಷತ್ರದ ಸೆಳೆತ ಹೆಚ್ಚು, ಸುತ್ತು ಚಿಕ್ಕದು, ಓಟ ಜೋರು. ಲಗಾಮು ಎಳೆದಷ್ಟೂ ಓಡುವ ಕುದುರೆ. ಆದ್ದರಿಂದ ನುಂಗುವಿಕೆಯ ಗುರುತು ಹುಡುಕುವವರು ಹುಡುಕಬೇಕಾದದ್ದು ತಡವಾಗಿ ಬರುವ ಗ್ರಹವನ್ನಲ್ಲ, ಬೇಗ ಬರುವ ಗ್ರಹವನ್ನು.

ಬೇಗ ಬಂತು ಎನ್ನಲು ಬರುವ ಹೊತ್ತು ಗೊತ್ತಿರಬೇಕು. ಕೊಲ್ಲಾಪುರದವರಿಗೆ ಹೀಗೆ ಹೊತ್ತು ಹಿಡಿದು ಕಾಯುವುದು ಹೊಸದಲ್ಲ. ಮಹಾಲಕ್ಷ್ಮಿಯ, ಅವರ ಬಾಯಲ್ಲಿ ಅಂಬಾಬಾಯಿಯ, ಗುಡಿ ಪಶ್ಚಿಮಕ್ಕೆ ಮುಖ ಮಾಡಿದೆ. ನವೆಂಬರ್ 9, 10, 11ರಂದು, ಮತ್ತೆ ಜನವರಿ 31, ಫೆಬ್ರವರಿ 1, 2ರಂದು ಮುಳುಗುವ ಸೂರ್ಯನ ಕಿರಣ ಮಹಾದ್ವಾರದಿಂದ ನುಗ್ಗಿ ಗರ್ಭಗುಡಿಯವರೆಗೆ ಹರಿಯುತ್ತದೆ. ಮೊದಲ ದಿನ ಪಾದ, ಎರಡನೇ ದಿನ ಎದೆ, ಮೂರನೇ ದಿನ ಮುಖ. ಇದೇ ಕಿರಣೋತ್ಸವ. ವರ್ಷಕ್ಕೆ ಎರಡು ಸಲ ಯಾಕೆಂದರೆ ದಕ್ಷಿಣಕ್ಕೆ ಹೋಗುವಾಗೊಮ್ಮೆ, ತಿರುಗಿ ಬರುವಾಗೊಮ್ಮೆ ಸೂರ್ಯ ದಿಗಂತದ ಅದೇ ಜಾಗದಲ್ಲಿ, ನೇರ ಪಶ್ಚಿಮಕ್ಕೆ ಸುಮಾರು 18 ಡಿಗ್ರಿ ದಕ್ಷಿಣದಲ್ಲಿ, ಮುಳುಗುತ್ತಾನೆ. ಆ ದಿನಗಳಲ್ಲಿ ಮುಳುಗುವ ಜಾಗ ದಿನಕ್ಕೆ ಸೂರ್ಯಬಿಂಬದ ಅರ್ಧ ಅಗಲದಷ್ಟು ಸರಿಯುತ್ತದೆ. ನಮ್ಮ ಕಡೆಯ ಎಷ್ಟೋ ಮನೆತನಗಳಿಗೆ ಆಕೆ ಮನೆದೇವರು. ಗಡಿಯ ಈಚೆಯಿಂದ ಬಸ್ಸು ಹತ್ತಿ ಹೋಗುವವರು ಕಡಿಮೆಯೇನಿಲ್ಲ. ಮೋಡ ಬಂದರೆ, ದೂಳು ಮುಸುಕಿದರೆ, ದಾರಿಯಲ್ಲಿ ಯಾರದೋ ಕಟ್ಟಡದ ಮೂಲೆ ಅಡ್ಡ ಬಂದರೆ ಕಿರಣ ಮೊಣಕಾಲಿಗೇ ನಿಂತುಬಿಡುತ್ತದೆ. ಆಗ ಗುಡಿಯಲ್ಲಿ ನಿಂತ ಎಲ್ಲರೂ ಖಗೋಳಶಾಸ್ತ್ರಜ್ಞರೇ: ತಪ್ಪು ಸೂರ್ಯನದೋ, ಮೋಡದ್ದೋ, ಕಟ್ಟಡದ್ದೋ?

ವಾಸ್ಪ್-12ಬಿಯ ವಿಚಾರದಲ್ಲೂ ಇದೇ ತಕರಾರು ನಡೆಯಿತು.

ಈ ಗ್ರಹ 26 ಗಂಟೆಗೊಮ್ಮೆ ತನ್ನ ನಕ್ಷತ್ರದ ಮುಖಕ್ಕೆ ಅಡ್ಡ ಹಾಯುತ್ತದೆ. ಸುಮಾರು ಮೂರು ತಾಸು ನಕ್ಷತ್ರದ ಬೆಳಕು ನೂರಕ್ಕೆ ಒಂದೂವರೆಯಷ್ಟು ಮಂಕಾಗುತ್ತದೆ. ಆ ಮಂಕಿನ ನಟ್ಟನಡುವಿನ ಕ್ಷಣವನ್ನು ಗಡಿಯಾರಕ್ಕೆ ಹಚ್ಚಿ ಬರೆದಿಡಬಹುದು. ಪೋಲೆಂಡಿನ ಮಾಚೆಯೆವ್‌ಸ್ಕಿ ಮತ್ತು ಜೊತೆಗಾರರು ವರ್ಷಗಟ್ಟಲೆ ಹೀಗೆ ಬರೆದಿಟ್ಟು, ಗ್ರಹ ಹೊತ್ತಿಗೆ ಮೊದಲೇ ಬರುತ್ತಿದೆ ಎಂದು 2016ರಲ್ಲಿ ಹೇಳಿದರು. ಆದರೆ ಮೊದಲೇ ಬರಲು ಮೂರು ಕಾರಣ ಇರಬಹುದು. ಸಂಕೇಶ್ವರದಿಂದ ಗಡಹಿಂಗ್ಲಜಕ್ಕೆ ಬರುವ ಎಸ್‌ಟಿ ಬಸ್ಸು ದಿನದಿನಕ್ಕೆ ಬೇಗ ಬರುತ್ತಿದೆ ಎನ್ನಿ. ಒಂದೋ ಡ್ರೈವರ್ ಜೋರಾಗಿ ಓಡಿಸುತ್ತಿದ್ದಾನೆ. ಇಲ್ಲವೇ ಬಸ್ಸು ಹೊರಡುವ ಜಾಗವೇ ನಮ್ಮ ಹತ್ತಿರಕ್ಕೆ ಸರಿಯುತ್ತಿದೆ. ನಕ್ಷತ್ರವೇ ವೇಗ ಹೆಚ್ಚಿಸುತ್ತ ನಮ್ಮತ್ತ ಬರುತ್ತಿದ್ದರೆ ಬೆಳಕು ಬೇಗ ತಲುಪುತ್ತದೆ. ಮೂರನೆಯದು, ಬಸ್ಸಿನ ಮಾರ್ಗ ಮೊಟ್ಟೆಯಾಕಾರದ್ದಾಗಿ, ಆ ಮೊಟ್ಟೆಯೇ ನಿಧಾನವಾಗಿ ತಿರುಗುತ್ತಿರಬಹುದು.

ಮೊಟ್ಟೆ ತಿರುಗುತ್ತಿದ್ದರೆ ಅದನ್ನು ಹಿಡಿಯಲು ಒಂದು ಉಪಾಯ ಇದೆ. ಗ್ರಹ ನಕ್ಷತ್ರದ ಮುಂದೆ ಹಾಯುವ ಹೊತ್ತಿನ ಜೊತೆಗೆ, ನಕ್ಷತ್ರದ ಹಿಂದೆ ಮರೆಯಾಗುವ ಹೊತ್ತನ್ನೂ ಅಳೆಯಬೇಕು. ಮಾರ್ಗ ತಿರುಗುತ್ತಿದ್ದರೆ ಒಂದು ಬೇಗ ಆದಾಗ ಇನ್ನೊಂದು ತಡವಾಗುತ್ತದೆ. ನಿಜಕ್ಕೂ ಒಳಗಿಳಿಯುತ್ತಿದ್ದರೆ ಎರಡೂ ಬೇಗ. ಸ್ಪಿಟ್ಜರ್ ಬಾಹ್ಯಾಕಾಶ ದೂರದರ್ಶಕದಿಂದ ಹಿಂದಿನ ಮರೆಯ ಹೊತ್ತನ್ನು ಅಳೆದರು. ಎರಡೂ ಬೇಗ. ನಕ್ಷತ್ರ ನಮ್ಮತ್ತ ಬರುತ್ತಿದೆಯೇ ಎಂದು ಅದರ ಬೆಳಕಿನ ಬಣ್ಣ ಹಿಡಿದು ನೋಡಿದರು. ಹಾಗೇನಿಲ್ಲ. 2020ರ ಹೊತ್ತಿಗೆ ಸ್ಯಾಮ್ಯುಯೆಲ್ ಯೀ ಮತ್ತು ಸಂಗಡಿಗರ ಲೆಕ್ಕ ಪಕ್ಕಾ ಆಯಿತು: ಗ್ರಹದ ಸುತ್ತಿನ ಅವಧಿ ವರ್ಷಕ್ಕೆ 29 ಮಿಲಿಸೆಕೆಂಡ್ ಕಡಿಮೆಯಾಗುತ್ತಿದೆ.

ಇಪ್ಪತ್ತೊಂಬತ್ತು ಮಿಲಿಸೆಕೆಂಡ್ ಅಂದರೆ ರೆಪ್ಪೆ ಬಡಿಯುವುದಕ್ಕಿಂತಲೂ ಕಡಿಮೆ. ಇದನ್ನು 1,400 ಜ್ಯೋತಿರ್ವರ್ಷದಾಚೆ ಅಳೆಯುವುದು ಹೇಗೆಂದರೆ, ಬಡ್ಡಿ ಬೆಳೆಯುವ ಹಾಗೆ. ಪ್ರತಿ ಸುತ್ತೂ ಹಿಂದಿನ ಸುತ್ತಿಗಿಂತ ಕೂದಲೆಳೆ ಬೇಗ ಮುಗಿಯುತ್ತದೆ, ಹಿಂದಿನ ಉಳಿತಾಯವೆಲ್ಲ ಇದಕ್ಕೆ ಕೂಡಿಕೊಳ್ಳುತ್ತದೆ. ಒಂದು ವರ್ಷದಲ್ಲಿ ಸುಮಾರು 335 ಸುತ್ತು. ವರ್ಷದ ಕೊನೆಗೆ ಗ್ರಹ ಲೆಕ್ಕಕ್ಕಿಂತ ಐದು ಸೆಕೆಂಡ್ ಬೇಗ. ಕಾಲ ಎರಡು ಪಟ್ಟಾದರೆ ಮುಂಗಡ ನಾಲ್ಕು ಪಟ್ಟು. ಹತ್ತು ವರ್ಷಕ್ಕೆ ನೂರು ಪಟ್ಟು, ಅಂದರೆ ಎಂಟು ನಿಮಿಷ. ಎಂಟು ನಿಮಿಷ ಬೇಗ ಬಂದದ್ದನ್ನು ಹಿಡಿಯಲು ದೊಡ್ಡ ಯಂತ್ರ ಬೇಡ. ಎಂಟಿಂಚಿನ ದೂರದರ್ಶಕ, ಒಳ್ಳೆಯ ಕ್ಯಾಮೆರಾ, ಸರಿಯಾದ ಗಡಿಯಾರ ಇರುವ ಹವ್ಯಾಸಿಗೂ ವಾಸ್ಪ್-12ರ ಮಂಕು ಎಟಕುತ್ತದೆ. ಜಗತ್ತಿನಲ್ಲಿ ಬಹಳ ಮಂದಿ ಹವ್ಯಾಸಿಗಳು ಇಂಥ ಹೊತ್ತುಗಳನ್ನು ಬರೆದು ಕಳಿಸುತ್ತಲೇ ಇದ್ದಾರೆ. ಸಂತಮಸಕ್ಕೆ ಮಾತ್ರ ಈ ಭಾಗ್ಯವಿಲ್ಲ. ಅದು ಬಿಭಾಳ ಮುಖಕ್ಕೆ ಅಡ್ಡ ಹಾಯುವುದು ನಮ್ಮ ಕಣ್ಣಿಗೆ ಬಿದ್ದಿಲ್ಲ. ಹೆಸರಿಗೆ ತಕ್ಕಂತೆ ಕತ್ತಲೆಯಲ್ಲೇ ಇದೆ.

ಈ ಗತಿಯಲ್ಲಿ ವಾಸ್ಪ್-12ಬಿಗೆ ಉಳಿದಿರುವುದು ಹೆಚ್ಚೆಂದರೆ ಮೂವತ್ತು ಲಕ್ಷ ವರ್ಷ. ನಮಗದು ಅನಂತ. ನಕ್ಷತ್ರದ ವಯಸ್ಸು ನೂರು-ಇನ್ನೂರು ಕೋಟಿ ವರ್ಷ ಎಂದಿಟ್ಟುಕೊಂಡರೆ ಎಪ್ಪತ್ತು ದಾಟಿದ ಮನುಷ್ಯನಿಗೆ ವೈದ್ಯರು ಒಂದೆರಡು ತಿಂಗಳು ಹೇಳಿದ ಹಾಗೆ.

ಎಲ್ಲ ಬಿಸಿ ಗುರುಗಳೂ ಹೀಗೆ ಬೀಳುತ್ತಿವೆ ಎಂದುಕೊಳ್ಳಬೇಡಿ. ವಾಸ್ಪ್-4ಬಿ ಎಂಬುದೂ ಲೆಕ್ಕಕ್ಕಿಂತ 80 ಸೆಕೆಂಡಿನಷ್ಟು ಬೇಗ ಬಂತು, ಸುದ್ದಿಯಾಯಿತು. ಮರುವರ್ಷ ನೋಡಿದರೆ ನಕ್ಷತ್ರವೇ ನಮ್ಮತ್ತ ವೇಗ ಹೆಚ್ಚಿಸಿಕೊಳ್ಳುತ್ತಿತ್ತು. ಬಸ್ಸಿನದಲ್ಲ, ಸ್ಟ್ಯಾಂಡಿನ ಕರಾಮತ್ತು ಎಂದರು. ಅದರ ತಕರಾರು ಇನ್ನೂ ಪೂರಾ ತೀರಿಲ್ಲ. ವಾಸ್ಪ್-18ಬಿ ಇನ್ನೂ ವಿಚಿತ್ರ. ಗುರುವಿನ ಹತ್ತು ಪಟ್ಟು ಭಾರ, 23 ಗಂಟೆಯೊಳಗೆ ಒಂದು ಸುತ್ತು. ಎಲ್ಲಕ್ಕಿಂತ ಮೊದಲು ಬೀಳಬೇಕಾದದ್ದೇ ಅದು. 2009ರಲ್ಲಿ ಪತ್ತೆಯಾದಾಗ ‘ನೋಡನೋಡುತ್ತ ಮುಳುಗುತ್ತದೆ’ ಎಂದೇ ಭಾವಿಸಿದ್ದರು. ಅದು ಕದಲಿಲ್ಲ. ಹೊತ್ತಿಗೆ ಸರಿಯಾಗಿ ಬರುತ್ತದೆ, ಹೋಗುತ್ತದೆ. ಹಗುರಾದದ್ದು ಬೀಳುತ್ತಿದೆ, ಭಾರವಾದದ್ದು ನಿಂತಿದೆ.

ಅಂದರೆ ತಕರಾರು ಗ್ರಹದಲ್ಲಿಲ್ಲ, ಬೇರಿಂಗಿನಲ್ಲಿದೆ. ವಾಸ್ಪ್-12ರ ಒಳಗೆ ಘರ್ಷಣೆ ಬಹಳ, ವಾಸ್ಪ್-18ರ ಒಳಗೆ ಗ್ರೀಸ್ ಹಚ್ಚಿದ ಹಾಗೆ ನುಣುಪು. ಯಾಕೆ? ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸುವ ಪ್ರಶ್ನೆ ಇದು. ಇದರ ಉತ್ತರದ ಒಂದು ತುದಿ ಮತ್ತೆ ಕೊಲ್ಲಾಪುರಕ್ಕೇ ಬಂದು ಮುಟ್ಟುತ್ತದೆ.

ಸಮುದ್ರವಿಲ್ಲದ ಊರಿನ ಉಬ್ಬರ

ಕೊಲ್ಲಾಪುರಕ್ಕೂ ಆಕಾಶಶಾಸ್ತ್ರಕ್ಕೂ ನಂಟಿದೆ ಎಂದರೆ ಜನ ಜಯಂತ ನಾರಳೀಕರರ ಹೆಸರು ಹೇಳುತ್ತಾರೆ. ಅವರು ಹುಟ್ಟಿದ್ದು ಅಲ್ಲೇ, 1938ರ ಜುಲೈ 19ರಂದು. ತಂದೆ, ಗಣಿತಜ್ಞ ವಿಷ್ಣು ವಾಸುದೇವ ನಾರಳೀಕರರೂ ಅದೇ ಊರಿನವರು. 2025ರ ಮೇ 20ರಂದು ಜಯಂತರು ತೀರಿಕೊಂಡಾಗ ಕನ್ನಡ ಪತ್ರಿಕೆಗಳೂ ಅವರನ್ನು ನೆನೆದವು. ಆದರೆ ನಾನು ಹೇಳಬೇಕೆಂದಿರುವ ನಂಟು ಅಷ್ಟು ಹೆಸರಾದದ್ದಲ್ಲ.

ಅಲ್ಲಿಯ ಶಿವಾಜಿ ವಿಶ್ವವಿದ್ಯಾಲಯದ ಆವರಣದಲ್ಲಿ ಭಾರತೀಯ ಭೂಕಾಂತ ಸಂಸ್ಥೆ 1999ರಿಂದ ಒಂದು ರೇಡಾರ್ ನಡೆಸಿತು. ಅದು ಕಳಿಸುವ ಅಲೆ 1.98 ಮೆಗಾಹರ್ಟ್ಸ್‌ನದು. ಗಡಹಿಂಗ್ಲಜದ ಮನೆಗಳಲ್ಲಿ ಕನ್ನಡ ವಾರ್ತೆಗಾಗಿ ಮುಳ್ಳು ತಿರುಗಿಸುತ್ತಿದ್ದ ಧಾರವಾಡ ಆಕಾಶವಾಣಿ 765 ಕಿಲೋಹರ್ಟ್ಸ್‌ನಲ್ಲಿತ್ತಲ್ಲ, ಅದೇ ಪಟ್ಟಿಯ ಕೊನೆಯಿಂದ ತುಸು ಆಚೆಗೆ. ಈ ಅಲೆ ನೆಲದಿಂದ 80ರಿಂದ 100 ಕಿಲೋಮೀಟರ್ ಎತ್ತರದ ತೆಳುಗಾಳಿಗೆ ಬಡಿದು ಮರಳುತ್ತದೆ, ಅಲ್ಲಿಯ ಗಾಳಿ ಯಾವ ಕಡೆಗೆ ಎಷ್ಟು ಜೋರು ಬೀಸುತ್ತಿದೆ ಎಂದು ಹೇಳುತ್ತದೆ. ಹಾಗೆ ವರ್ಷಗಟ್ಟಲೆ ನೋಡಿದವರಿಗೆ ಕಂಡದ್ದು ಉಬ್ಬರ. ಊರಿನ ನೆತ್ತಿಯ ಮೇಲೆ ಗಾಳಿ ದಿನಕ್ಕೊಮ್ಮೆ, ಅರ್ಧ ದಿನಕ್ಕೊಮ್ಮೆ ತಾಳ ಹಿಡಿದು ತೂಗಾಡುತ್ತದೆ, ಸೆಕೆಂಡಿಗೆ ಹತ್ತಿಪ್ಪತ್ತು ಮೀಟರ್ ವೇಗದಲ್ಲಿ.

ಇದು ಚಂದ್ರನ ಸೆಳೆತದ ಉಬ್ಬರವಲ್ಲ, ಬಹುಪಾಲು ಸೂರ್ಯನ ಶಾಖದ್ದು. ಹಗಲು ಕಾಯುವ ಗಾಳಿ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ಆ ಹಿಗ್ಗು-ಕುಗ್ಗು ಅಲೆಯಾಗಿ ಮೇಲೇರುತ್ತದೆ. ಕೆಳಗೆ ನಮಗೂ ಇದರ ಸುಳಿವು ಸಿಗುತ್ತದೆ. ನಮ್ಮ ಕಡೆಯ ಯಾವ ಊರಿನಲ್ಲಾದರೂ ಗಾಳಿಯ ಒತ್ತಡ ಬೆಳಿಗ್ಗೆ ಹತ್ತರ ಸುಮಾರಿಗೆ ಏರಿ, ಸಂಜೆ ನಾಲ್ಕಕ್ಕೆ ಇಳಿದು, ಮತ್ತೆ ರಾತ್ರಿ ಹತ್ತಕ್ಕೆ ಏರಿ, ಬೆಳಗಿನ ಜಾವ ನಾಲ್ಕಕ್ಕೆ ಇಳಿಯುತ್ತದೆ. ಕೆಲವೇ ಮಿಲಿಬಾರ್‌ಗಳ ಆಟ. ಮಳೆಗಾಳಿಯಿಲ್ಲದ ದಿನ, ಒತ್ತಡ ತೋರಿಸುವ ಮೊಬೈಲಿದ್ದರೆ ನೀವೇ ನೋಡಬಹುದು. ದಂಡೆಯಿಲ್ಲದ, ಚಪ್ಪಲಿ ಕದಿಯದ ಸಮುದ್ರವೊಂದು ನಮ್ಮ ತಲೆಯ ಮೇಲೇ ಇದೆ.

ಉಬ್ಬರದ ಜೊತೆಗೆ ಇನ್ನೊಂದು ಬಗೆಯ ಅಲೆಯೂ ಮೇಲೇರುತ್ತದೆ. ಸಹ್ಯಾದ್ರಿಯ ನೆತ್ತಿ ದಾಟುವಾಗ ಗಾಳಿ ಎಡವುತ್ತದೆ, ಮಳೆಗಾಲದ ದೊಡ್ಡ ಮೋಡಗಳು ಗಾಳಿಯನ್ನು ಮೇಲಕ್ಕೆ ದಬ್ಬುತ್ತವೆ. ದಬ್ಬಿದ ಗಾಳಿ ಭಾರವಾಗಿ ಕೆಳಗೆ ಬೀಳುತ್ತದೆ, ಹಗುರಾಗಿ ಮತ್ತೆ ತೇಲುತ್ತದೆ. ಇದನ್ನು ತೇಲುವ ಅಲೆ ಎನ್ನೋಣ. ಐನ್‌ಸ್ಟೈನರ ಗುರುತ್ವದ ಅಲೆಗೂ ಇದಕ್ಕೂ ಸಂಬಂಧವಿಲ್ಲ. ಇಂಗ್ಲಿಷಿನಲ್ಲಿ ಹೆಸರುಗಳು ಹತ್ತಿರವಾಗಿ ಪತ್ರಿಕೆಗಳಲ್ಲಿ ಎಷ್ಟೋ ಸಲ ಗೋಜಲಾಗುತ್ತದೆ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. 90 ಕಿಲೋಮೀಟರಿನಲ್ಲಿ ನೆಲದ ಮೇಲಿನ ಸಾಂದ್ರತೆಯ ಲಕ್ಷದಲ್ಲೊಂದು ಪಾಲೂ ಇಲ್ಲ. ಅಲೆಯ ಶಕ್ತಿ ಅಷ್ಟೇ, ಹೊರುವ ಗಾಳಿ ಕಡಿಮೆ. ಹಾಗಾಗಿ ಅಲೆ ಎತ್ತರವಾಗುತ್ತ ಹೋಗಿ, ಕೊನೆಗೆ ತನ್ನ ಎತ್ತರವನ್ನು ತಾನೇ ತಾಳಲಾರದೆ ಮುರಿದು ಬೀಳುತ್ತದೆ. ವೆಂಗುರ್ಲೆಯ ದಂಡೆಯಲ್ಲಿ ತೆರೆ ಬಾಗಿ ಒಡೆಯುವ ಹಾಗೆ. ಒಡೆದಾಗ ಹೊತ್ತು ತಂದ ಶಕ್ತಿಯನ್ನೆಲ್ಲ ಅಲ್ಲಿಯೇ ಸುರಿಯುತ್ತದೆ. ಕೊಲ್ಲಾಪುರದ ರೇಡಾರ್ ಕಣ್ಣಿಟ್ಟದ್ದು ಅಲೆ ಒಡೆಯುವ ಆ ಎತ್ತರಕ್ಕೇ.

ಈಗ ನಕ್ಷತ್ರದೊಳಕ್ಕೆ ಹೋಗಿ. ಸೂರ್ಯನಂಥ ನಕ್ಷತ್ರದ ಹೊರಭಾಗ ಕುದಿಯುವ ಕಾಯಿಹುಳಿ, ಒಳಭಾಗ ಪದರಪದರವಾಗಿ ನಿಂತ ಶಾಂತ ಅನಿಲ. ಗ್ರಹ ಎಬ್ಬಿಸಿದ ಉಬ್ಬರ ಈ ಎರಡರ ಗಡಿಯಲ್ಲಿ ತೇಲುವ ಅಲೆಗಳನ್ನು ಹುಟ್ಟಿಸುತ್ತದೆ. ಅವು ಮೇಲಕ್ಕಲ್ಲ, ನಕ್ಷತ್ರದ ನಡುವಿನತ್ತ ಹೊರಡುತ್ತವೆ. ಅಲ್ಲಿ ಗಾಳಿ ತೆಳುವಾಗುವುದಿಲ್ಲ, ಜಾಗ ಕಿರಿದಾಗುತ್ತದೆ. ಸುತ್ತಲಿಂದ ಬಂದ ಅಲೆಗಳು ಒಂದೇ ಬಿಂದುವಿಗೆ ಒತ್ತಿಕೊಂಡು ಎತ್ತರವಾಗುತ್ತವೆ. ಸಾಕಷ್ಟು ಎತ್ತರವಾದರೆ ನಡುಮಧ್ಯದಲ್ಲಿ ಒಡೆಯುತ್ತವೆ. ಒಡೆದರೆ ಶಕ್ತಿ ಮರಳಿ ಬರುವುದಿಲ್ಲ. ಅದು ಗ್ರಹದ ಓಟದಿಂದ ಕಡಿತವಾದ ಶಕ್ತಿ. ಲೆಕ್ಕ ಕೊನೆಗೆ ಗ್ರಹದ ಮೇಲೆ ಬೀಳುತ್ತದೆ. ಒಡೆಯದಿದ್ದರೆ ಅಲೆ ನಡುವಿನಿಂದ ಪುಟಿದು ಮರಳುತ್ತದೆ, ಸೋರಿಕೆ ಅಲ್ಪ. ಬ್ರಿಟನ್ನಿನ ಏಡ್ರಿಯನ್ ಬಾರ್ಕರ್ ಮತ್ತು ಗಾರ್ಡನ್ ಓಗಿಲ್ವಿ 2010ರಲ್ಲಿ ಈ ಒಡೆತವನ್ನು ಕಂಪ್ಯೂಟರಿನಲ್ಲಿ ನಡೆಸಿ ತೋರಿಸಿದರು.

ಹಾಗಾದರೆ ವಾಸ್ಪ್-12ರ ನಡುವಿನಲ್ಲಿ ಅಲೆ ಒಡೆಯುತ್ತಿದೆ, ವಾಸ್ಪ್-18ರಲ್ಲಿ ಒಡೆಯುತ್ತಿಲ್ಲ ಎಂದು ಹೇಳಿ ಮುಗಿಸಬಹುದೇ? ಹೇಳಲು ಸೊಗಸಾಗಿದೆ, ಆದರೆ ಒಂದು ಮುಳ್ಳಿದೆ. ವಾಸ್ಪ್-12ರಂಥ, ಸೂರ್ಯನಿಗಿಂತ ಭಾರವಾದ ನಕ್ಷತ್ರದ ನಡುಭಾಗ ಪ್ರಾಯದಲ್ಲಿ ತಾನೇ ಕುದಿಯುತ್ತಿರುತ್ತದೆ. ಕುದಿಯುವ ಕಡೆ ತೇಲುವ ಅಲೆ ಹೋಗಲಾರದು, ಗೋಡೆಗೆ ಬಡಿದ ಚೆಂಡಿನಂತೆ ಮರಳುತ್ತದೆ. ನಡುವಿನ ಜಲಜನಕ ತೀರಿ, ನಕ್ಷತ್ರ ಮುಪ್ಪಿನ ಮೊದಲ ಮೆಟ್ಟಿಲು ಹತ್ತಿದ್ದರೆ ಮಾತ್ರ ದಾರಿ ತೆರೆಯುತ್ತದೆ. ವಾಸ್ಪ್-12 ಆ ಮೆಟ್ಟಿಲು ಹತ್ತಿದೆಯೇ? ಕೆಲವರು ಹತ್ತಿದೆ ಎನ್ನುತ್ತಾರೆ. ಅದರ ಬಣ್ಣ, ಬೆಳಕು, ಗಾತ್ರ ಅಳೆದ ಇನ್ನು ಕೆಲವರು ಇನ್ನೂ ಪ್ರಾಯದಲ್ಲೇ ಇದೆ ಎನ್ನುತ್ತಾರೆ. ನನಗೆ ಮೊದಲಿನವರ ಮಾತು ಹೆಚ್ಚು ಒಪ್ಪಿತ. ಅದಕ್ಕೆ ಕಾರಣ 2022ರ ಇನ್ನೊಂದು ಪತ್ತೆ. ಶ್ರೇಯಸ್ ವಿಸ್ಸಪ್ರಗಡ ಮತ್ತು ಜೊತೆಗಾರರು ಕೆಪ್ಲರ್-1658ಬಿ ಎಂಬ ಗ್ರಹದ ಅವಧಿ ವರ್ಷಕ್ಕೆ 131 ಮಿಲಿಸೆಕೆಂಡ್ ತಗ್ಗುತ್ತಿದೆ ಎಂದು ಕಂಡರು. ಅದರ ಸುತ್ತು ಸುಮಾರು ನಾಲ್ಕು ದಿನದ್ದು, ವಾಸ್ಪ್-12ಬಿಗಿಂತ ಎಷ್ಟೋ ದೂರ. ಆದರೂ ಬೀಳುತ್ತಿದೆ, ಯಾಕೆಂದರೆ ಆ ನಕ್ಷತ್ರ ಮುಪ್ಪಿಗೆ ಕಾಲಿಟ್ಟು ಉಬ್ಬಿದೆ ಎಂಬುದರಲ್ಲಿ ತಕರಾರಿಲ್ಲ. ಬೀಳುತ್ತಿರುವುದು ಎರಡೇ ಎರಡು ಪಕ್ಕಾ. ಅದರಲ್ಲೊಂದು ಮುದಿ ನಕ್ಷತ್ರ. ಇನ್ನೊಂದರ ಜನ್ಮಕುಂಡಲಿ ಮತ್ತೊಮ್ಮೆ ತೆಗೆದು ನೋಡುವುದು ವಾಸಿ.

ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು ಮೌಂಟ್ ಅಬುವಿನ ಗುಡ್ಡದ ಮೇಲಿನ 1.2 ಮೀಟರ್ ದೂರದರ್ಶಕದಿಂದ ಹಿಡಿದು 2021ರಲ್ಲಿ ಸಾರಿದ ಟಿಒಐ-1789ಬಿಯೂ ಇಂಥದ್ದೇ ಮನೆಯ ಕೂಸು: ವಯಸ್ಸಾಗುತ್ತಿರುವ ನಕ್ಷತ್ರ, ಮೂರು ದಿನದ ಸುತ್ತು. ಅದರ ಹೊತ್ತನ್ನು ಈಗಿನಿಂದಲೇ ಬರೆದಿಟ್ಟರೆ ನಮ್ಮ ಮೊಮ್ಮಕ್ಕಳಿಗೆ ಕೆಲಸಕ್ಕೆ ಬಂದೀತು.

ಬಿದ್ದೇಬಿಟ್ಟರೆ ಏನಾಗುತ್ತದೆ ಎಂಬುದನ್ನೂ ಒಮ್ಮೆ ನೋಡಿಯಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪದವಿ ಓದಿದ ಕಿಶಲಯ್ ಡೇ ಅಮೆರಿಕದಲ್ಲಿದ್ದಾಗ, 2020ರಲ್ಲಿ ಗರುಡ ಪುಂಜದ ಒಂದು ನಕ್ಷತ್ರ ಹತ್ತು ದಿನದಲ್ಲಿ ನೂರು ಪಟ್ಟು ಹೊಳೆದು ಮಂಕಾದದ್ದನ್ನು ಕಂಡರು. ದೂರ ಸುಮಾರು 12,000 ಜ್ಯೋತಿರ್ವರ್ಷ. ಒಂದು ನಕ್ಷತ್ರ ಇನ್ನೊಂದರ ಅನಿಲ ಎಳೆದುಕೊಂಡು ಸಿಡಿದಿದ್ದರೆ ಬಿಸಿ ಅನಿಲ ಕಾಣಬೇಕಿತ್ತು. ಅಲ್ಲಿ ಕಂಡದ್ದು ತಣ್ಣನೆಯ ದೂಳು, ವರ್ಷಗಟ್ಟಲೆ ನಿಂತ ಅವಕೆಂಪು ಹೊಳಪು. ಗುರುವಿನಂಥ ಗ್ರಹವೊಂದನ್ನು ನಕ್ಷತ್ರ ನುಂಗಿತು ಎಂದು ಅವರ ತಂಡ 2023ರಲ್ಲಿ ಬರೆಯಿತು. ಮೊದಲು ಅಂದುಕೊಂಡದ್ದು, ನಕ್ಷತ್ರವೇ ಮುಪ್ಪಿನಲ್ಲಿ ಉಬ್ಬಿ ಗ್ರಹದವರೆಗೆ ಬಂದಿತು ಎಂದು. 2025ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ನೋಡಿದಾಗ ನಕ್ಷತ್ರ ಅಷ್ಟು ಉಬ್ಬಿಯೇ ಇರಲಿಲ್ಲ. ನಕ್ಷತ್ರ ಗ್ರಹದ ಹತ್ತಿರ ಹೋದದ್ದಲ್ಲ. ಗ್ರಹವೇ ಸುತ್ತು ಸುತ್ತುತ್ತ ಒಳಗಿಳಿದು ಬಂದದ್ದು. ಎಳೆದು ತಂದದ್ದು ಉಬ್ಬರ.

ಫೆಬ್ರವರಿ 1ರ ರಾತ್ರಿ ನಾನೂ ಅಬಚಿಯೂ ಮತ್ತೆ ಮಾಳಿಗೆಯಲ್ಲಿದ್ದೆವು. ಕಿರಣೋತ್ಸವಕ್ಕೆ ಹಿಂದಿನ ದಿನವೇ ಹೋಗಿ ಬಂದಾಗಿತ್ತು. ನೂಕುನುಗ್ಗಲಿನಲ್ಲಿ ಅವಳಿಗೆ ಕಂಡದ್ದು ಮುಂದಿನವರ ಬೆನ್ನು ಮಾತ್ರ. ಎಲ್ಲೋ ಆಲೆಮನೆಯ ಬೆಲ್ಲದ ವಾಸನೆ, ಹಿರಣ್ಯಕೇಶಿಯ ಕಡೆಯಿಂದ ತಣ್ಣನೆಯ ಗಾಳಿ. ಆ ದಿನಗಳಲ್ಲಿ ರಾತ್ರಿ ಹತ್ತು ದಾಟುವಾಗ ವಾಸ್ಪ್-12 ಹೆಚ್ಚುಕಡಿಮೆ ನೆತ್ತಿಗೆ ಬರುತ್ತದೆ. ಬ್ರಹ್ಮಹೃದಯ ತೋರಿಸಿ, ಅದರಿಂದ ಈಚೆಗೆ ಕಪ್ಪಗಿರುವ ಜಾಗಕ್ಕೆ ಬೆರಳು ಹಿಡಿದೆ.

“ಏನೂ ಕಾಣವಲ್ದು.”

“ಕಾಣೂದಿಲ್ಲ ಅಬಚಿ. ಅಲ್ಲೇ ಐತಿ.”

ಮೊಬೈಲಿನಲ್ಲಿ ಗಾಳಿಯ ಒತ್ತಡ ತೆಗೆದು ಅವಳ ಕೈಗೆ ಕೊಟ್ಟೆ. ಸಂಜೆ ನಾಲ್ಕಕ್ಕೆ ನೋಡಿದ್ದಕ್ಕಿಂತ ಅಂಕಿ ಎರಡು ಹೆಚ್ಚಾಗಿತ್ತು. ಅವಳು ಕನ್ನಡಕ ಏರಿಸಿ ಅಂಕಿ ನೋಡಿದಳು, ಮೇಲೆ ನೋಡಿದಳು, ಮತ್ತೆ ಅಂಕಿ ನೋಡಿದಳು.

“ಅಂದ್ರ ಈಗ ಭರತಿ ಬಂದೈತೇನು?”

“ಹೂಂ, ಈಗ.”

ಅಬಚಿ ಎದ್ದು, ಮೆಟ್ಟಿಲ ಬದಿಯಲ್ಲಿ ಬಿಟ್ಟಿದ್ದ ಚಪ್ಪಲಿಯನ್ನು ತಂದು ತನ್ನ ಹತ್ತಿರ ಇಟ್ಟುಕೊಂಡು ಕೂತಳು.